ಕೈಯ ವಿದ್ಯೆ, ಕಣ್ಣಿನ ಸಂಸ್ಕಾರ

ಪ್ರೌಢಶಾಲೆಯಲ್ಲಿ ಓದುವ ಮಗುವಿಗೆ ಚಿತ್ರ ಬರೆಯುವುದನ್ನೂ ಮಣ್ಣು, ಮರ, ಬಟ್ಟೆ, ಚರ್ಮಗಳಿಗೆ ರೂಪ ಕೊಡುವುದನ್ನೂ ಕಲಿಸುವುದು ಅವಶ್ಯಕವೋ, ಅಥವಾ ಅದು ಉಳ್ಳವರ ಮನೆಯ ಅಲಂಕಾರವೋ? ಇದು ಕೇವಲ ಪಠ್ಯಕ್ರಮದ ಪ್ರಶ್ನೆಯಲ್ಲ. ಮನುಷ್ಯನನ್ನು ನಾವು ಏನೆಂದು ತಿಳಿದಿದ್ದೇವೆ ಎಂಬ ಮೂಲಭೂತ ವಿಚಾರವೇ ಇದರಲ್ಲಿ ಅಡಗಿದೆ. ಮನುಷ್ಯನು ಬರಿಯ ಸ್ಮರಣಶಕ್ತಿಯ ಉಗ್ರಾಣವಾಗಿದ್ದರೆ ಅವನಿಗೆ ಅಕ್ಷರವೂ ಅಂಕವೂ ಸಾಕು. ಕಾಣುವ ಕಣ್ಣು, ಮಾಡುವ ಕೈ, ಮಾಡಿದ್ದನ್ನು ಮತ್ತೊಬ್ಬರಿಗೆ ಸಲ್ಲಿಸುವ ಮನಸ್ಸು, ಈ ಮೂರೂ ಅವನಲ್ಲಿ ಇವೆಯೆಂದು ಒಪ್ಪಿದರೆ ಅವುಗಳಿಗೆ ಸಂಸ್ಕಾರ ಕೊಡದ ಶಿಕ್ಷಣ ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಇಂದಿನ ಸ್ಥಿತಿ ಎಲ್ಲರಿಗೂ ತಿಳಿದದ್ದೇ ಆಗಿದೆ. ವೇಳಾಪತ್ರಿಕೆಯಲ್ಲಿ ಚಿತ್ರಕಲೆಯ ಅವಧಿ ಇರುತ್ತದೆ. ಪರೀಕ್ಷೆ ಸಮೀಪಿಸಿತೆಂದರೆ ಗಣಿತವೋ ವಿಜ್ಞಾನವೋ ಅದನ್ನು ನುಂಗಿಬಿಡುತ್ತದೆ. ಎಸ್.ಎಸ್.ಎಲ್.ಸಿ. ಒಟ್ಟು ಅಂಕಗಳಲ್ಲಿ ಚಿತ್ರಕ್ಕೆ ಪಾಲಿಲ್ಲ. ಕಾಗವಾಡದಿಂದ ಗಡಿ ದಾಟಿ ಮಿರಜಿಗೆ ಹೋದರೆ ಅಲ್ಲಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸಾದ ಮಗುವಿಗೆ ಹತ್ತನೆಯ ಇಯತ್ತೆಯಲ್ಲಿ ಕೆಲವು ಹೆಚ್ಚುವರಿ ಅಂಕಗಳು ದೊರೆಯುತ್ತವೆ. ಈಚೆ ದಂಡೆಯ ಮಗುವಿಗೆ ಅದೂ ಇಲ್ಲ. ಕಬ್ಬಿನ ಬಾಕಿಗೂ ತಂಬಾಕಿನ ದರಕ್ಕೂ ಕಾಯುತ್ತ ಮಗನನ್ನು ಓದಿಸುವ ತಂದೆ, ‘ಚಿತ್ರ ಬರೆದರೆ ಹೊಟ್ಟೆ ತುಂಬುವುದೇ?’ ಎಂದು ಕೇಳುತ್ತಾನೆ. ಈ ಪ್ರಶ್ನೆಯನ್ನು ಅವಹೇಳನ ಮಾಡುವುದು ಸಲ್ಲದು. ಅದಕ್ಕೆ ಗಂಭೀರವಾದ ಉತ್ತರವನ್ನೇ ಕೊಡಬೇಕು.

ನಮ್ಮ ಭಾಗಕ್ಕೆ ಕಲಾಶಿಕ್ಷಣ ಹೊಸದಲ್ಲ. ಬೆಳಗಾವಿ ಜಿಲ್ಲೆ 1956ರ ವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. ಮುಂಬಯಿಯ ಜೆ.ಜೆ. ಕಲಾಶಾಲೆ 1857ರಲ್ಲಿಯೇ ಆರಂಭವಾಗಿ, ಅದರ ಪ್ರಭಾವದಿಂದ ಊರೂರಿನ ಪ್ರೌಢಶಾಲೆಗಳಿಗೆ ಡ್ರಾಯಿಂಗ್ ಮಾಸ್ತರರು ಬಂದರು. ಬೆಳಗಾವಿಯ ಕೆ.ಬಿ. ಕುಲಕರ್ಣಿಯವರ ಕೈಯಲ್ಲಿ ಕಲಿತ ರವಿ ಪರಾಂಜಪೆಯವರು ಮುಂದೆ ದೇಶವಿದೇಶಗಳಲ್ಲಿ ಚಿತ್ರಕಾರರೆಂದು ಹೆಸರಾದರು. ಕೊಲ್ಹಾಪುರದಲ್ಲಿ ಮೇಸ್ತ್ರಿಗಳ ಮನೆಯಲ್ಲಿ ಹುಟ್ಟಿದ ಬಾಬೂರಾವ್ ಪೇಂಟರ್ (1890–1954) ಮನೆತನದ ಕೈಕುಶಲತೆಯನ್ನೇ ಬಂಡವಾಳವಾಗಿಸಿಕೊಂಡು ಚಿತ್ರ, ಶಿಲ್ಪ, ನಾಟಕದ ಪರದೆಗಳನ್ನು ರಚಿಸಿ, ಕೊನೆಗೆ ತಾವೇ ಕ್ಯಾಮೆರಾ ನಿರ್ಮಿಸಿ ಚಲನಚಿತ್ರ ತೆಗೆದರು. ಕೈ ಬಲ್ಲವನ ಬುದ್ಧಿ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ಕಾಲ ಕೆಳಗೇ ಇರುವ ವಿದ್ಯೆಯನ್ನು ನೋಡೋಣ. ಅಥಣಿ, ನಿಪ್ಪಾಣಿ, ರಾಯಬಾಗ ಭಾಗಗಳ ಸಮಗಾರ ಮನೆಗಳಲ್ಲಿ ಸಿದ್ಧವಾಗುವ ಕಾಲ್ಮರಿಗಳನ್ನು ಜಗತ್ತು ಕೊಲ್ಹಾಪುರಿ ಚಪ್ಪಲಿ ಎಂದು ಕರೆಯುತ್ತದೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ತೊಗಲನ್ನು ಹದಗೊಳಿಸಬೇಕು. ತಳಕ್ಕೆ ಎಮ್ಮೆಯ ಗಟ್ಟಿ ಚರ್ಮ ಬೇಕು, ಮೇಲಿನ ಹೆಣಿಕೆಗೆ ಮೇಕೆಯ ನವಿರು ಚರ್ಮ ಬೇಕು. ಗಂಡಸರು ರಂಪಿಗೆಯಿಂದ ಕೊಯ್ದು ಹೊಲಿಯುವರು. ಹೆಂಗಸರು ಕೂದಲೆಳೆಯಂಥ ಪಟ್ಟಿಗಳನ್ನು ಜಡೆಯಂತೆ ಹೆಣೆಯುವರು. ಮೊಳೆಯ ಹಂಗಿಲ್ಲದೆ ಚರ್ಮದ ದಾರದಿಂದಲೇ ತಳವನ್ನು ಬಿಗಿಯುವರು. ಯಾವ ಪುಸ್ತಕದಲ್ಲಿಯೂ ಬರೆದಿಡದ ಈ ಅಳತೆಗಳು ತಾಯಿಯ ಬೆರಳಿನಿಂದ ಮಗಳ ಬೆರಳಿಗೆ ಇಳಿದು ಬಂದಿವೆ. 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಚರ್ಮ ಅಭಿವೃದ್ಧಿ ನಿಗಮಗಳ ಜಂಟಿ ಹೆಸರಿನಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ನಮ್ಮ ಕಡೆಯಿಂದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರಲ್ಲಿ ಸೇರಿವೆ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಪ್ರಸಿದ್ಧ ಸಂಸ್ಥೆ ತನ್ನ ಹೊಸ ಉಡುಪುಗಳ ಪ್ರದರ್ಶನದಲ್ಲಿ ಇದೇ ಬಗೆಯ ಪಾದರಕ್ಷೆಗಳನ್ನು ತೋರಿಸಿತು. ಮೊದಲು ಅವುಗಳ ಮೂಲದ ಹೆಸರನ್ನೇ ಹೇಳಲಿಲ್ಲ. ನಮ್ಮ ದೇಶದಲ್ಲಿ ಆಕ್ಷೇಪವೆದ್ದ ಮೇಲೆ, ಭಾರತದ ಕೈಕಸುಬಿನಿಂದ ತಾನು ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ನಿಗಮಗಳೊಡನೆ ಒಡಂಬಡಿಕೆ ಮಾಡಿಕೊಂಡಿತು. ಈ ಪ್ರಸಂಗದಲ್ಲಿ ಪರರನ್ನು ದೂರುವುದು ಸುಲಭ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಅಲ್ಲಿ ಕುಳಿತು ರೂಪ ಯೋಚಿಸಿದವನಿಗೆ ‘ವಿನ್ಯಾಸಕಾರ’ನೆಂಬ ಗೌರವ, ಇಲ್ಲಿ ಕುಳಿತು ಅದೇ ರೂಪವನ್ನು ತಲೆತಲಾಂತರದಿಂದ ಸಾಧಿಸಿದವನಿಗೆ ಬರಿಯ ‘ಕಸುಬುದಾರ’ನೆಂಬ ಹೆಸರು. ಈ ಅಂತರ ಎಲ್ಲಿಂದ ಬಂತು? ಕೈಯ ನೈಪುಣ್ಯದಲ್ಲಿ ನಮ್ಮವರು ಕಡಿಮೆಯಿಲ್ಲ. ತನ್ನ ಕೆಲಸವನ್ನು ಕಾಗದದ ಮೇಲೆ ಬರೆದು ತೋರಿಸುವ, ಅದರ ಗುಣವನ್ನು ಮಾತಿನಲ್ಲಿ ಹೇಳುವ, ಅದರ ಹಕ್ಕನ್ನೂ ಬೆಲೆಯನ್ನೂ ಅರಿಯುವ ವಿದ್ಯೆ ಅವರ ಪಾಲಿಗೆ ಬರಲಿಲ್ಲ. ಅದನ್ನು ಕೊಡಬೇಕಾಗಿದ್ದ ಸ್ಥಾನ ಶಾಲೆ.

ವಿನ್ಯಾಸವೆಂದರೇನು? 1958ರಲ್ಲಿ ಭಾರತ ಸರಕಾರದ ಆಮಂತ್ರಣದ ಮೇರೆಗೆ ಬಂದಿದ್ದ ಅಮೇರಿಕೆಯ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಒಂದು ವರದಿಯನ್ನು ಬರೆದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಸ್ಥಾಪಿತವಾಗಲು ಅದೇ ಕಾರಣವಾಯಿತು. ಈ ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಹಿರಿದೆಂದು ಎಣಿಸಿದ್ದು ನಮ್ಮ ಮನೆಮನೆಯ ತಂಬಿಗೆಯನ್ನು. ಅದರ ಕಂಠ ಕೈಗೆ ಒಗ್ಗುವ ಬಗೆ, ತುಂಬಿದಾಗ ಅದರ ತೂಕ ನಿಲ್ಲುವ ಬಗೆ, ನೀರು ಧಾರೆಯಾಗಿ ಬೀಳುವ ಬಗೆ, ತೊಳೆಯಲು ಒಳಗೆ ಕೈ ಆಡುವ ಬಗೆ ಇವೆಲ್ಲವನ್ನೂ ಯಾವನೋ ಒಬ್ಬನು ಯೋಚಿಸಿದ್ದಲ್ಲ, ಅನೇಕ ತಲೆಮಾರುಗಳು ತಿದ್ದಿದ್ದು ಎಂಬುದೇ ಅವರ ಅಭಿಪ್ರಾಯದ ಸಾರ. ಹಾಗಾದರೆ ವಿನ್ಯಾಸವೆಂದರೆ ಮತ್ತೊಬ್ಬರ ಅಗತ್ಯವನ್ನು ಮುಂದಾಗಿ ನೆನೆಯುವುದು. ಕಾಲ್ಮರಿ ಹೊಲಿಯುವವನು ತಾನು ಎಂದೂ ಕಾಣದ ಪಾದದ ನೋವನ್ನು ಮೊದಲೇ ಯೋಚಿಸುತ್ತಾನೆ. ಇದು ದಯೆಯ ಒಂದು ರೂಪವೇ ಅಲ್ಲವೆ? ಈ ದೃಷ್ಟಿಯಿಂದ ವಿನ್ಯಾಸಶಿಕ್ಷಣ ನೀತಿಶಿಕ್ಷಣದಿಂದ ಬೇರೆಯಲ್ಲ.

ಚಿತ್ರಾಭ್ಯಾಸಕ್ಕೂ ಇದೇ ಮಾತು ಸಲ್ಲುತ್ತದೆ. ಬೇವಿನ ಎಲೆಯೊಂದನ್ನು ಬರೆಯಲು ಕುಳಿತ ಮಗು ಮೊದಲು ತಾನು ತಿಳಿದ ಎಲೆಯನ್ನು ಬರೆಯುತ್ತದೆ. ಮಾಸ್ತರರು ‘ಮತ್ತೆ ನೋಡು’ ಎಂದಾಗ ತನ್ನ ಎದುರಿಗಿರುವ ಎಲೆಯನ್ನು ಬರೆಯತೊಡಗುತ್ತದೆ. ತಿಳಿದದ್ದನ್ನು ಬದಿಗಿಟ್ಟು ಇದ್ದದ್ದನ್ನು ಕಾಣುವ ಈ ಸಾಧನೆ ಸತ್ಯದ ಮೊದಲ ಮೆಟ್ಟಿಲು. ತಪ್ಪಿದ ಗೆರೆಯನ್ನು ಮಾತಿನಿಂದ ಮುಚ್ಚಲಾಗದು, ಅಳಿಸಿ ಮತ್ತೆ ಎಳೆಯಬೇಕು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗದಲ್ಲಿ ವಜ್ರರಾಜನು ಮೂರ್ತಿ ನಿರ್ಮಾಣವನ್ನು ಕಲಿಸೆಂದು ಕೇಳಿದಾಗ, ಮಾರ್ಕಂಡೇಯರು ಅದಕ್ಕೆ ಚಿತ್ರ, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗಾನ ತಿಳಿದಿರಬೇಕೆಂದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಕರೆದೊಯ್ಯುತ್ತಾರೆ. ವಿದ್ಯೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನು ಕಿತ್ತರೆ ಮತ್ತೊಂದು ಸಡಿಲಾಗುತ್ತದೆ ಎಂಬ ತತ್ತ್ವ ಇದರಲ್ಲಿದೆ. ಚಿತ್ರವನ್ನು ಕೈಬಿಟ್ಟು ರೇಖಾಗಣಿತವನ್ನು ಉಳಿಸಿಕೊಳ್ಳುವೆವೆನ್ನುವವರು ಇದನ್ನು ಮನನ ಮಾಡಬೇಕು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯುಂಟು. ಕಸುಬನ್ನು ಶಾಲೆಗೆ ತಂದರೆ ಕಸುಬುದಾರನ ಮಗು ಕಸುಬಿಗೇ ಕಟ್ಟುಬೀಳಲಾರದೆ? ಈ ಭಯ ಕಾಲ್ಪನಿಕವಲ್ಲ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಗ್ರಾಮದ ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ಹೊತ್ತು ಓದಿ ಉಳಿದ ಹೊತ್ತು ಮನೆತನದ ಉದ್ಯೋಗ ಕಲಿಯಬೇಕೆಂಬ ಯೋಜನೆ ಬಂದಿತು. ನಮ್ಮ ದಕ್ಷಿಣ ಕನ್ನಡವೂ ಆಗ ಆ ರಾಜ್ಯದಲ್ಲಿತ್ತು. ಇದು ಜಾತಿಯನ್ನು ಶಾಲೆಯ ಮುಖಾಂತರ ಸ್ಥಿರಗೊಳಿಸುವ ಕ್ರಮವೆಂದು ಜನರು ಪ್ರತಿಭಟಿಸಿದರು. ಮರುವರ್ಷವೇ ಕಾಮರಾಜರ ಕಾಲದಲ್ಲಿ ಅದು ರದ್ದಾಯಿತು. ಆ ಪ್ರತಿಭಟನೆ ನ್ಯಾಯವಾದುದು. ಕುಂಬಾರನ ಮಗನಿಗೆ ಮಣ್ಣು, ವಕೀಲನ ಮಗನಿಗೆ ಪುಸ್ತಕ ಎಂಬ ಹಂಚಿಕೆಯನ್ನು ಎಷ್ಟೇ ಸುಂದರ ಶಬ್ದಗಳಿಂದ ಹೊಗಳಿದರೂ ಅದು ಅನ್ಯಾಯವೇ.

ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವ ಇಲ್ಲಿ ನಮಗೆ ದಾರಿ ತೋರುತ್ತದೆ. ಅಲ್ಲಿ ಡೋಹರ ಕಕ್ಕಯ್ಯನವರೂ ಸಮಗಾರ ಹರಳಯ್ಯನವರೂ ಮಂತ್ರಿಯಾಗಿದ್ದ ಬಸವಣ್ಣನವರೊಡನೆ ಸರಿಸಮಾನರಾಗಿ ಕುಳಿತರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದು ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅದನ್ನು ಮೆಟ್ಟಲು ತಾವು ಯೋಗ್ಯರಲ್ಲವೆಂದು ಅವರು ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆ ಹೇಳುತ್ತದೆ. ಕುಲ ಮನುಷ್ಯನನ್ನು ಕಸುಬಿಗೆ ಕಟ್ಟುತ್ತದೆ. ಕಾಯಕ ಕಸುಬನ್ನು ಮನುಷ್ಯನ ಘನತೆಗೆ ಏರಿಸುತ್ತದೆ. ಇವೆರಡರ ಭೇದವನ್ನು ಮರೆತು ಕಾಯಕದ ಹೆಸರಿನಲ್ಲಿ ಕುಲವನ್ನೇ ಕಾಪಾಡಿದರೆ ಅದು ಆತ್ಮವಂಚನೆ.

ಆದುದರಿಂದ ನಿರ್ಣಯ ಇಷ್ಟು: ಕೈಯ ವಿದ್ಯೆ ಶಾಲೆಗೆ ಬರಬೇಕು, ಆದರೆ ಎಲ್ಲ ಮಕ್ಕಳಿಗೂ ಬರಬೇಕು. ದೇಸಾಯರ ಮಗನೂ ಅಡತಿ ವ್ಯಾಪಾರಿಯ ಮಗಳೂ ತೊಗಲನ್ನು ಮುಟ್ಟಿ ಹೊಲಿಗೆ ಹಾಕಬೇಕು. ಸಮಗಾರರ ಮಗಳು ರೇಖಾಗಣಿತ, ಇಂಗ್ಲಿಷು, ಲೆಕ್ಕಪತ್ರಗಳಲ್ಲಿ ಯಾರಿಗೂ ಕಡಿಮೆಯಾಗದಂತೆ ಬೆಳೆದು, ಬೇಕೆಂದರೆ ಕಾಲ್ಮರಿಯ ವಿನ್ಯಾಸಕಾರಳೂ, ಬೇಡವೆಂದರೆ ವೈದ್ಯಳೂ ಆಗುವ ಸ್ವಾತಂತ್ರ್ಯ ಪಡೆಯಬೇಕು. ಚರ್ಮವನ್ನು ಮುಟ್ಟಲು ಹೇಸುವ ವಿದ್ಯಾರ್ಥಿಗೆ ಸಮಾನತೆಯ ಪಾಠವನ್ನು ಬಾಯಿಪಾಠ ಮಾಡಿಸಿದರೆ ಫಲವೇನು? ಒಂದು ಜೋಡಿಯನ್ನು ಹೊಲಿಯಲು ಪ್ರಯತ್ನಿಸಿ ಸೋತವನಿಗೆ ಮಾತ್ರ ಅದನ್ನು ಹೊಲಿಯಬಲ್ಲವನ ಮುಂದೆ ತಲೆ ತಾನಾಗಿ ಬಾಗುತ್ತದೆ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಲಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಡಿಗ, ಕುಂಬಾರ, ಕಲಾವಿದರ ಬಳಿ ಕಲಿಯಲೆಂದಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಚಿತ್ರಕಲೆಯ ಅವಧಿಯನ್ನು ಬೇರೆ ವಿಷಯಕ್ಕೆ ಕೊಡದಿರುವುದು ಮುಖ್ಯಾಧ್ಯಾಪಕರ ಕೈಯಲ್ಲಿಯೇ ಇದೆ. ಊರಿನ ಕಸುಬುದಾರರನ್ನು ತಿಂಗಳಿಗೊಮ್ಮೆ ಗುರುಗಳಾಗಿ ಕರೆದು, ಗೌರವಧನ ಕೊಟ್ಟು, ಮಕ್ಕಳಿಂದ ನಮಸ್ಕಾರ ಮಾಡಿಸಬಹುದು. ರಂಗೋಲಿಯ ಚುಕ್ಕೆಗಳಲ್ಲಿ ಗಣಿತವನ್ನೂ, ಕೌದಿಯ ತುಂಡುಗಳಲ್ಲಿ ವರ್ಣಮೇಳವನ್ನೂ, ಸಹಪಾಠಿಯ ಪಾದದ ಅಳತೆಯಲ್ಲಿ ವಿನ್ಯಾಸವನ್ನೂ ಕಲಿಸಬಹುದು. ಎರಡು ಗುಡ್ಡಗಳ ನಡುವೆ ಸೂರ್ಯನನ್ನು ನಕಲು ಮಾಡಿಸಿ ಬಹುಮಾನ ಹಂಚುವುದು ಕಲಾಶಿಕ್ಷಣವಲ್ಲ.

ಮಠದ ನೆರಳಿನಲ್ಲಿ ಓದಿ ಇಂದು ಶಾಲೆಗಳ ಆಡಳಿತದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಹೊಸ ಕಟ್ಟಡಕ್ಕೆ ಕಾಣಿಕೆ ಕೇಳುವಾಗ ಅದರಲ್ಲಿ ಕೈಕೆಲಸದ ಒಂದು ಕೋಣೆಯಿದೆಯೇ ಎಂದು ಅವರು ವಿಚಾರಿಸಲಿ. ‘ಹೊಟ್ಟೆ ತುಂಬುವುದೇ?’ ಎಂದು ಕೇಳಿದ ತಂದೆಗೆ ನಾವು ಹೇಳುವುದಿಷ್ಟೆ: ಚಿತ್ರ ಬರೆದ ಮಾತ್ರಕ್ಕೆ ಹೊಟ್ಟೆ ತುಂಬಲಿಕ್ಕಿಲ್ಲ. ಆದರೆ ಕಾಣಲು ಕಲಿತ ಕಣ್ಣು ಮೋಸಹೋಗುವುದು ಕಡಿಮೆ, ಮಾಡಲು ಕಲಿತ ಕೈ ಬೇಡುವುದು ಕಡಿಮೆ, ಮಾಡುವವರನ್ನು ಗೌರವಿಸಲು ಕಲಿತ ಮನಸ್ಸು ಮತ್ತೊಬ್ಬರನ್ನು ಕೀಳಾಗಿ ಕಾಣುವುದು ಕಡಿಮೆ. ಇಂಥ ಮಕ್ಕಳು ನಮ್ಮ ಊರುಗಳಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.