ಬಣ್ಣ ತಾಗಬಾರದ ಜಾಗಗಳು

ಅಸಡ್ಡೆಯಿಂದ ಕೆಡಿಸಿದ ಕೆಲಸವನ್ನು ಸರಿಮಾಡುವುದು ಅಷ್ಟು ಕಷ್ಟವಲ್ಲ. ಮಾಡಿದವನನ್ನು ನಾಲ್ಕು ಮಾತು ಬೈದು ಶುರುಮಾಡಬಹುದು. ಆಸೆಪಟ್ಟು, ಊಟ ಬಿಟ್ಟು ಮಾಡಿದ ಕೆಲಸವೇ ಕೆಟ್ಟು ಕೂತಿದ್ದರೆ? ಅದನ್ನು ಕೆರೆದು ತೆಗೆಯುವಾಗ ಆಸೆಯನ್ನೂ ಕೆರೆದ ಹಾಗಾಗುವುದಿಲ್ಲವೇ? ಈ ಪ್ರಶ್ನೆ ನನಗೆ ಎದುರಾದದ್ದು ಒಂದು ಕಾರಿನ ಬ್ರೇಕಿನಲ್ಲಿ.

ನೊಣವಿನಕೆರೆಯಲ್ಲಿ ನನ್ನ ಅಕ್ಕನ ಮನೆ. ಭಾವನ ಹತ್ತಿರ ಒಂದು ಹಳೆಯ ಸ್ವಿಫ್ಟ್ ಇದೆ. ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಅವರ ಮಗ, ಅಪ್ಪನಿಗೆ ಗೊತ್ತಾಗದಂತೆ, ಚಕ್ರದ ಸಂದಿಯಲ್ಲಿ ಕಾಣುವ ಕ್ಯಾಲಿಪರ್‌ಗಳಿಗೆ ಕೆಂಪು ಬಣ್ಣ ಬಳಿದಿದ್ದ. ದುಬಾರಿ ಕಾರುಗಳಲ್ಲಿ ಇರುತ್ತದಲ್ಲ, ಹಾಗೆ. ಕಿಟಕಿ ಸರಳಿಗೆ ಹೊಡೆಯುವ ಎನಾಮಲ್, ಒಂದು ಬ್ರಷ್ಷು, ಅಷ್ಟೇ. ತೊಳೆದಿರಲಿಲ್ಲ, ತುಕ್ಕು ಉಜ್ಜಿರಲಿಲ್ಲ, ಬಣ್ಣ ತಾಗಬಾರದ ಜಾಗಗಳನ್ನು ಮುಚ್ಚಿಕೊಂಡಿರಲಿಲ್ಲ. ಹಿಂದಿನ ಚಕ್ರಗಳಲ್ಲಿ ಕ್ಯಾಲಿಪರ್ ಇರುವುದೇ ಇಲ್ಲ, ಡ್ರಮ್ಮು, ಅದಕ್ಕೂ ಬಳಿದಿದ್ದ. ಭಾವ ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದರು. ತಿಂಗಳೊಳಗೆ ಕೆಂಪು ಕಂದಾಯಿತು, ಹೊಪ್ಪಳೆ ಎದ್ದಿತು. ತಿಪಟೂರಿಗೆ ಹೋಗಿ ಬಂದರೆ ಬಲಗಡೆಯ ಮುಂದಿನ ಚಕ್ರದ ಹತ್ತಿರ ಸುಟ್ಟ ವಾಸನೆ.

ಕ್ಯಾಲಿಪರ್ ಮಾಡುವ ಕೆಲಸ ಸರಳ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒಂದು ಪಿಸ್ಟನ್ನನ್ನು ತಳ್ಳುತ್ತದೆ, ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಹಿಡಿಯುತ್ತವೆ. ಕಾಲು ತೆಗೆದಾಗ ಬಿಡುತ್ತವೆ. ಹಿಡಿಯುವಷ್ಟೇ ಮುಖ್ಯ ಬಿಡುವುದು. ಅದಕ್ಕಾಗಿ ಕ್ಯಾಲಿಪರ್ ತನ್ನ ಎರಡು ಪಿನ್ನುಗಳ ಮೇಲೆ ಕೂದಲೆಳೆಯಷ್ಟು ಜಾರಬೇಕು, ಪ್ಯಾಡು ತನ್ನ ಗೂಡಿನಲ್ಲಿ ಸಲೀಸಾಗಿ ಓಡಾಡಬೇಕು. ಒಂದು ಟನ್ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಒಮ್ಮೆ ಪೂರ್ತಿ ನಿಂತರೆ, ಹುಟ್ಟುವ ಶಾಖದಲ್ಲಿ 400 ಮಿಲಿಲೀಟರ್ ನೀರು ಕುದಿಯುವ ಹಂತಕ್ಕೆ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಬ್ರೇಕುಗಳದ್ದು. ಘಾಟಿ ಇಳಿಯುವಾಗ ಇದು ಮತ್ತೆ ಮತ್ತೆ ನಡೆಯುತ್ತದೆ. ಆ ಕಾವನ್ನು ಕಿಟಕಿಯ ಬಣ್ಣ ಎಲ್ಲಿ ತಡೆದೀತು! ಹುಡುಗನ ಬ್ರಷ್ಷು ಪ್ಯಾಡಿನ ಗೂಡಿಗೂ ಹೋಗಿತ್ತು. ಬಣ್ಣ ಒಣಗಿ ಪ್ಯಾಡನ್ನು ಕಚ್ಚಿಕೊಂಡಿತ್ತು. ಗಾಳಿ ತೆಗೆಯುವ ನಿಪ್ಪಲ್ ಕೂಡ ಬಣ್ಣದಲ್ಲಿ ಮುಚ್ಚಿಹೋಗಿತ್ತು. ಮುಂದಿನ ವಾರ ಮನೆಯವರೆಲ್ಲ ಇದೇ ಕಾರಿನಲ್ಲಿ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವವರಿದ್ದರು.

ಮೂರು ಸಲಹೆಗಳು ಬಂದವು. ಅಕ್ಕ, "ಮೇಲೊಂದು ಕೋಟ್ ಹೊಡುದ್ರೆ ಆಯ್ತಪ್ಪ" ಅಂದಳು. ಇದನ್ನು ಬಿಡಿ, ಸಡಿಲ ಬಣ್ಣದ ಮೇಲೆ ಕೂತ ಬಣ್ಣ ಅದರ ಜೊತೆಗೇ ಉದುರುತ್ತದೆ. ಭಾವ, "ಮಗ ಆಸೆಯಿಂದ ಮಾಡವ್ನೆ, ಇರ್ಲಿ ಬಿಡು" ಅಂದರು. ಒಳ್ಳೆಯ ಅಪ್ಪನ ಮಾತೇ. ಆದರೆ ಅದರಲ್ಲಿ ಹುಡುಗನನ್ನು ಇನ್ನೂ ಕೂಸು ಎಂದೇ ಎಣಿಸಿದಂತಿತ್ತು. ಮಕ್ಕಳು ಗೋಡೆಯ ಮೇಲೆ ಗೀಚಿದ್ದನ್ನು ಉಳಿಸಿಕೊಳ್ಳಬಹುದು, ಗೋಡೆ ಘಾಟಿ ಇಳಿಯುವುದಿಲ್ಲ. ಭಾವ ತೆಂಗಿನ ತೋಟದವರು. ವರ್ಷದ ಹತ್ತಿರ ಅಟ್ಟದ ಮೇಲಿಟ್ಟ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಗಿಟುಕು ಗಡಗಡ ಅಂದರೇನೇ ಸುಲಿಯಲು ಹಾಕುವವರು. ಹೊರಗಿನ ಸಿಪ್ಪೆ ನೋಡಿ ಒಳಗಿನ ಕೊಬ್ಬರಿಯನ್ನು ಎಂದೂ ನಂಬಿದವರಲ್ಲ. ಮಗನ ಕೆಲಸದಲ್ಲಿ ಮಾತ್ರ ಸಿಪ್ಪೆಯನ್ನೇ ನಂಬಲು ಹೊರಟಿದ್ದರು.

ಮೂರನೆಯದು ಮೆಕ್ಯಾನಿಕ್ಕಿನದು, ಮೂರರಲ್ಲಿ ಅದೇ ನನ್ನನ್ನು ಹೆಚ್ಚು ಸೆಳೆದದ್ದು. "ಗಾಡಿ ಬಿಟ್ಟೋಗಿ ಸಾರ್. ನಾನೇ ಎಲ್ಲಾ ಕೆರ್ದು, ಹೀಟ್ ತಡ್ಕೊಳೋ ಕೆಂಪು ಬಣ್ಣನೇ ಹೊಡ್ದು ಕೊಡ್ತೀನಿ. ಹುಡುಗುಂಗೆ ಗೊತ್ತೇ ಆಗಲ್ಲ." ಬ್ರೇಕೂ ಸರಿಹೋಗುತ್ತದೆ, ಮನಸ್ಸೂ ಉಳಿಯುತ್ತದೆ. ಯಾರಿಗೆ ಏನು ನಷ್ಟ?

ನಷ್ಟ ಹುಡುಗನಿಗೇ ಎಂದು ನನ್ನ ವಾದ. ತಾನು ಮಾಡದ ಕೆಲಸಕ್ಕೆ ಅವನು ಹೆಮ್ಮೆಪಡುತ್ತಾ ಇರುತ್ತಾನೆ. ನಾಳೆ ಗೆಳೆಯನ ಬೈಕಿಗೂ ಅದೇ ಡಬ್ಬಿ, ಅದೇ ಬ್ರಷ್ಷು. ಅದಕ್ಕಿಂತ ದೊಡ್ಡದೊಂದಿದೆ: ಕೆಟ್ಟದ್ದನ್ನು ತೆಗೆಯುವ ಮೊದಲ ಹಕ್ಕು ಅದನ್ನು ಮಾಡಿದವನದು. ಗುಟ್ಟಾಗಿ ಸರಿಮಾಡುವುದು ಕರುಣೆಯಂತೆ ಕಂಡರೂ, ಅವನ ಕೈಯಿಂದ ಆ ಹಕ್ಕನ್ನು ಕಿತ್ತುಕೊಳ್ಳುತ್ತದೆ.

ಹಾಗಾಗಿ ಅವನಿಗೆ ಹೇಳಿದೆವು. ಮುಖ ಸಣ್ಣದಾಯಿತು, ಎರಡು ಹೊತ್ತು ಮಾತಿಲ್ಲ. ಆಮೇಲೆ ತಾನೇ ಗ್ಯಾರೇಜಿಗೆ ಬಂದ. ಬಳಿಯುವುದು ಒಂದು ಮಧ್ಯಾಹ್ನದ ಕೆಲಸವಾಗಿತ್ತು, ತೆಗೆಯುವುದಕ್ಕೆ ಎರಡು ದಿನ ಹಿಡಿಯಿತು. ಮೆಕ್ಯಾನಿಕ್ ಕ್ಯಾಲಿಪರ್ ಬಿಚ್ಚಿ, ಹೋಸ್ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ನೇತುಹಾಕಿಕೊಟ್ಟ. ಬಣ್ಣ ಕರಗಿಸುವ ದ್ರಾವಣ ರಬ್ಬರಿಗೆ ತಾಗಿದರೆ ರಬ್ಬರು ಹಾಳು. ಆದ್ದರಿಂದ ತಂತಿ ಬ್ರಷ್ಷು, ಮೊಂಡು ಚಾಕು, ಮರಳುಕಾಗದ. ಗೂಡುಗಳನ್ನು ಬರೀ ಲೋಹ ಕಾಣುವವರೆಗೆ ಕೆರೆದ. ಪಿನ್ನುಗಳಿಗೆ ಹೊಸ ಗ್ರೀಸು, ಪ್ಯಾಡುಗಳು ಹೊಸವು. ಮತ್ತೆ ಬಳಿಯುವ ಮುಂಚೆ ಅವನು ಹೆಚ್ಚು ಹೊತ್ತು ಕಳೆದದ್ದು ಟೇಪು ಅಂಟಿಸುವುದರಲ್ಲಿ: ಪಿಸ್ಟನ್ನಿನ ರಬ್ಬರು, ನಿಪ್ಪಲ್, ಪಿನ್ನು, ಗೂಡು. ಹಿಂದಿನ ಡ್ರಮ್ಮುಗಳನ್ನೂ ಕೆರೆಯುತ್ತೇನೆಂದ. ಅಲ್ಲಿ ಬಣ್ಣ ಹೊರಮೈಗಷ್ಟೇ ತಾಗಿದೆ, ಯಾವುದಕ್ಕೂ ಅಡ್ಡಿಯಿಲ್ಲ ಎಂದು ಮೆಕ್ಯಾನಿಕ್ ಬಿಡಿಸಿದ. ಭಾವನಿಗೆ ಸಮಾಧಾನವಾದದ್ದು ಆಗಲೇ.

ಕೆಟ್ಟದ್ದೆಲ್ಲವನ್ನೂ ತೆಗೆಯಲೇಬೇಕೆಂದು ನಾನು ಹೇಳುತ್ತಿಲ್ಲ. 2012ರಲ್ಲಿ ಸ್ಪೇನ್ ದೇಶದ ಬೊರ್ಖಾ ಎಂಬ ಊರಲ್ಲಿ, ಎಂಬತ್ತು ದಾಟಿದ ಸೆಸಿಲಿಯಾ ಹಿಮೆನೆಸ್ ಎಂಬ ಭಕ್ತೆ ಚರ್ಚಿನ ಗೋಡೆಯ ಮೇಲೆ ಮಾಸುತ್ತಿದ್ದ ಯೇಸುವಿನ ಚಿತ್ರವನ್ನು ತಾವೇ ತಿದ್ದಲು ಹೋಗಿ ಗುರುತು ಸಿಗದಂತೆ ಮಾಡಿದರು. ಜಗತ್ತು ನಕ್ಕಿತು, ಆಮೇಲೆ ಅದನ್ನೇ ನೋಡಲು ಜನ ಬಂದರು. ಚಿತ್ರ ಹಾಗೇ ಉಳಿಯಿತು. ಅದರಿಂದ ಯಾರ ಜೀವಕ್ಕೂ ಅಪಾಯವಿರಲಿಲ್ಲ.

ನನ್ನನ್ನು ಇನ್ನೂ ಕಾಡುವುದು ನಮ್ಮ ಹಳ್ಳಿಗಳ ದೇವಸ್ಥಾನಗಳು. ದ್ವಾರಪಾಲಕರಿಗೆ, ಕಂಬದ ಬಳ್ಳಿಗಳಿಗೆ ಭಕ್ತರು ಇದೇ ಎನಾಮಲ್ ಬಳಿದಿರುತ್ತಾರೆ. ಉಳಿ ಮೂಡಿಸಿದ ಸಣ್ಣ ಗೆರೆಗಳೆಲ್ಲ ಅದರಡಿ ತುಂಬಿಹೋಗಿರುತ್ತವೆ. ಅಲ್ಲಿ ಬಳಿದವರು ಎಷ್ಟೋ ಕಡೆ ತೀರಿಹೋಗಿದ್ದಾರೆ, ಕೆರೆಯಿರಿ ಎಂದು ಯಾರ ಕೈಗೆ ಬ್ರಷ್ಷು ಕೊಡುವುದು? ಅವರ ಮೊಮ್ಮಕ್ಕಳು ಆ ಬಣ್ಣಕ್ಕೇ ಕೈ ಮುಗಿಯುತ್ತಾ ಬೆಳೆದವರು.