ಎಲ್ಲರ ತಪ್ಪು ಯಾರ ತಪ್ಪು?

ಒಬ್ಬನು ನೆರೆಯವನ ಹೊಲದ ಬದುವನ್ನು ಒತ್ತಿದರೆ ಅವನ ತಪ್ಪು ಊರಿಗೆ ಮರೆಯಾಗಿರುವದಿಲ್ಲ. ಹಿರಿಯರು ಕೂಡಿ ಅವನನ್ನು ಕರೆದು ವಿಚಾರಿಸಬಹುದು. ಆದರೆ ಸಾವಿರ ಮಂದಿ ಒಂದೊಂದು ಹಿಡಿಯಷ್ಟು ತಪ್ಪು ಮಾಡಿ, ಆ ಹಿಡಿಗಳೆಲ್ಲಾ ಕೂಡಿ ದೊಡ್ಡ ಕೇಡಾದರೆ ಅದಕ್ಕೆ ಹೊಣೆ ಯಾರು? ಪ್ರತಿಯೊಬ್ಬನು, ನನ್ನದು ಒಂದೇ ಹಿಡಿ, ಅನ್ನುವನು. ಆ ಮಾತು ಸುಳ್ಳೂ ಅಲ್ಲ. ಹೀಗಿರಲಾಗಿ ಆ ಕೇಡು ಯಾರದೂ ಅಲ್ಲದ್ದಾಗುವದೋ? ಈ ಪ್ರಶ್ನೆಯನ್ನು ಜಡೆಯ ಸೀಮೆಯ ಕಾನು ಕೆರೆಗಳನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸೋಣ.

ಜಡೆಯು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಸೆರಗಿನಲ್ಲಿದೆ. ಇಂಥ ನಾಡಿನಲ್ಲಿ ಮಳೆ ಸ್ವಲ್ಪ ಹಿಂದುಮುಂದಾದರೂ ಗದ್ದೆಗೆ ತಿಳಿಯುವದು. ಆದಕಾರಣ ಸೊರಬ ತಾಲೂಕಿನ ಹಿರಿಯರಿಗೆ ಕಾನು ಬಹು ಬೇಕಾದದ್ದಾಗಿತ್ತು. ಕಾನು ಅಂದರೆ ವರುಷವೆಲ್ಲಾ ಹಸುರಾಗಿರುವ ದಟ್ಟವಾದ ಕಾಡು. ಅದರೊಳಗೆ ಮೆಣಸಿನ ಬಳ್ಳಿಯೂ ಬೈನೆ ಮರವೂ ಉಂಟು. ಅದರ ಬುಡದಲ್ಲಿ ಒರತೆ, ಒರತೆಯ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಈ ಒಂದು ತಾಲೂಕಿನಲ್ಲೇ 171 ಕಾನುಗಳನ್ನು ಲೆಕ್ಕಕ್ಕೆ ತಂದರು. ಅವುಗಳ ವಿಸ್ತಾರ ಎಲ್ಲಾ ಕೂಡಿ 32 ಸಾವಿರ ಎಕರೆಗೂ ಮಿಗಿಲಾಗಿತ್ತು.

ಆ ಕಾನುಗಳು ಈಗ ಎಷ್ಟೋ ಕಡೆಗಳಲ್ಲಿ ಚೂರುಚೂರಾಗಿವೆ. ಕಡಿದವನು ಯಾರೆಂದು ಕೇಳಿದರೆ ಒಂದು ಹೆಸರು ಸಿಕ್ಕುವದಿಲ್ಲ. ಒಬ್ಬನು ಮನೆಯ ತೊಲೆಗಾಗಿ ಕಡಿದನು, ಇನ್ನೊಬ್ಬನು ಶುಂಠಿಗಾಗಿ ಅಂಚನ್ನು ಒತ್ತಿದನು, ಮತ್ತೊಬ್ಬನು ಅಡಿಕೆಗಾಗಿ, ಬೇರೊಬ್ಬನು ಮೆಕ್ಕೆಜೋಳಕ್ಕಾಗಿ. ಕಾಗದದ ಮತ್ತು ನಾರಿನ ಕಾರ್ಖಾನೆಗಳ ನಿಮಿತ್ತ ಮಲೆನಾಡಿನ ವಿಸ್ತಾರವಾದ ಭೂಮಿಯಲ್ಲಿ ನೀಲಗಿರಿ ಅಕೇಶಿಯಾಗಳು ಎದ್ದವು. ಕಾನು ಹೋದ ಗುಡ್ಡದ ಮೇಲೆ ಬಿರುಮಳೆ ಬಿದ್ದಾಗ ನೀರು ನೆಲಕ್ಕೆ ಇಂಗದೆ ಮಣ್ಣನ್ನು ಹೊತ್ತುಕೊಂಡು ಓಡುವದು. ಹಿಡಿಹಿಡಿಯಾಗಿ ಬಂದ ಆ ಮಣ್ಣೇ ಕೆರೆಯ ಹೂಳು.

ಭೂಲೋಕದ ವಾಯುವಿಗೆ ಆಗಿರುವದೂ ಇದೇ. ಪುರಾತನ ಕಾಲದಲ್ಲಿ ನೆಲದೊಳಗೆ ಹೂತುಹೋದ ಕಾಡು ಮುಂತಾದವು ಕಲ್ಲಿದ್ದಲೂ ಎಣ್ಣೆಯೂ ಆದವು. ಅವುಗಳನ್ನು ಅಗೆದು ಸುಡುವಾಗ ಇಂಗಾಲಾಮ್ಲ ವಾಯು ಏಳುವದು. ಅದು ಬಿಸಿಲನ್ನು ಒಳಗೆ ಬಿಟ್ಟು ಕಾವನ್ನು ಹೊರಗೆ ಬಿಡದೆ ಕಂಬಳಿಯ ಹಾಗೆ ಹೊದೆದುಕೊಂಡಿರುವದು. ಸ್ವೀಡನ್ ದೇಶದ ಅರೇನಿಯಸ್ ಎಂಬ ವಿದ್ವಾಂಸನು 1896ರಲ್ಲೇ ಇದನ್ನು ಲೆಕ್ಕಮಾಡಿ ತೋರಿಸಿದನು. ಯಂತ್ರಗಳ ಕಾಲಕ್ಕೆ ಮುಂಚೆ ವಾಯುವಿನ ಹತ್ತು ಲಕ್ಷ ಪಾಲಿನಲ್ಲಿ ಈ ಇಂಗಾಲಾಮ್ಲ ಸುಮಾರು 280 ಪಾಲು ಇತ್ತು. 2024ರಲ್ಲಿ ಅದು 420 ಪಾಲನ್ನು ಮೀರಿತ್ತು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7 ಪಾಲು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದುದರಿಂದ ಮಳೆ ಬಂದರೆ ಒಮ್ಮೆಲೇ ಸುರಿಯುವದು, ಇಲ್ಲವಾದರೆ ಬಹು ದಿವಸ ಬಾರದೆ ಇರುವದು. 2023ರಲ್ಲಿ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. ಆ ಒಂದು ಬರ ಹೊಗೆಯಿಂದಲೇ ಬಂತೆಂದು ನಾವು ಹೇಳುವದಿಲ್ಲ. ಬರವು ಹಿಂದೆಯೂ ಇತ್ತು. ಆದರೆ ಬರವನ್ನೂ ನೆರೆಯನ್ನೂ ಕಠಿಣಮಾಡುವ ಕೆಲಸವನ್ನು ಮನುಷ್ಯರೇ ಮಾಡುತ್ತಾ ಇದ್ದಾರೆಂಬದು ನಿಶ್ಚಯ.

ಇದಕ್ಕೆ ಕೆಲವರು, ಇದು ದೊಡ್ಡ ದೇಶಗಳವರ ಪಾಪ, ನಮ್ಮನ್ನು ಯಾಕೆ ಕೇಳುತ್ತೀರಿ? ಅನ್ನುವರು. ಈ ಮಾತಿನಲ್ಲಿ ಸತ್ಯವುಂಟು. ಅಮೇರಿಕದ ಒಬ್ಬನ ಪಾಲಿಗೆ ವರುಷಕ್ಕೆ ಸುಮಾರು 14 ಟನ್ನು ಇಂಗಾಲಾಮ್ಲ ಬೀಳುವದು. ಹಿಂದುಸ್ಥಾನದ ಒಬ್ಬನ ಪಾಲಿಗೆ ಸುಮಾರು 2 ಟನ್ನು. ಜಡೆಯ ಕೂಲಿಯವನ ಪಾಲು ಅದಕ್ಕಿಂತಲೂ ಕಡಿಮೆಯೇ ಇದ್ದೀತು. ಸುಟ್ಟವರು ಒಬ್ಬರು, ಬೇಯುವವರು ಇನ್ನೊಬ್ಬರು. ಇದು ಅನ್ಯಾಯವೇ ಸರಿ. ದೊಡ್ಡ ಸಾಲಗಾರನನ್ನು ದೊಡ್ಡ ಸಾಲಕ್ಕಾಗಿ ಕೇಳಲೇಬೇಕು. ಆದರೆ ಅವನ ಸಾಲವು ನಮ್ಮ ಸಾಲವನ್ನು ತೀರಿಸುವದೋ? ನಮ್ಮ ಊರಿನ ಕಾನನ್ನು ಅಮೇರಿಕದವನು ಬಂದು ಕಡಿಯಲಿಲ್ಲವಲ್ಲಾ.

ಈ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿದವರು ಜಡೆಯ ನೆರೆಯಲ್ಲೇ ಇದ್ದರು. 1984ರಲ್ಲಿ ಸರಕಾರವೂ ಹರಿಹರದ ನಾರಿನ ಕಾರ್ಖಾನೆಯೂ ಕೂಡಿ ಒಂದು ಸಂಸ್ಥೆಯನ್ನು ಮಾಡಿ, ಹಳ್ಳಿಗಳವರು ದನ ಮೇಯಿಸುತ್ತಿದ್ದ ಮತ್ತು ಸೌದೆ ತರುತ್ತಿದ್ದ ಭೂಮಿಯಲ್ಲಿ ನೀಲಗಿರಿ ಬೆಳೆಸತೊಡಗಿದವು. 1987ನೇ ನವೆಂಬರ 14ರಲ್ಲಿ ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ಜನರು ಕೂಡಿ ನೀಲಗಿರಿಯ ಸಸಿಗಳನ್ನು ಕಿತ್ತು, ಅದೇ ಸ್ಥಳದಲ್ಲಿ ಊರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಇದಕ್ಕೆ ಕಿತ್ತಿಕೋ ಹಚ್ಚಿಕೋ ಎಂಬ ಹೆಸರಾಯಿತು. ಡಾ. ಶಿವರಾಮ ಕಾರಂತರು ಮೊದಲಾದವರು ದಿಲ್ಲಿಯ ಶ್ರೇಷ್ಠ ನ್ಯಾಯಾಲಯದ ವರೆಗೆ ಹೋದರು. ಕಡೆಗೆ 1991ರಲ್ಲಿ ಆ ಸಂಸ್ಥೆ ಮುಚ್ಚಲ್ಪಟ್ಟಿತು. ಬರೇ ಕಿತ್ತಿದ್ದರೆ ಅದು ಜಗಳವಾಗುತ್ತಿತ್ತು. ಬರೇ ನೆಟ್ಟಿದ್ದರೆ ಬಲವಂತರಿಗೆ ಎಚ್ಚರವಾಗುತ್ತಿರಲಿಲ್ಲ. ಅವರು ಬಲವಂತರನ್ನು ನ್ಯಾಯ ಕೇಳಿದರು, ತಮ್ಮ ಕೈಯಿಂದ ಆಗುವದನ್ನೂ ಮಾಡಿದರು.

ಇನ್ನು ಕೆಲವರು, ಇದರ ಕೇಡು ನಮ್ಮ ಮೊಮ್ಮಕ್ಕಳ ಕಾಲಕ್ಕೆ ತಾನೇ, ಇನ್ನೂ ಹುಟ್ಟದವರಿಗೆ ನಮ್ಮ ಮೇಲೆ ಏನು ಹಕ್ಕು? ಎಂದು ಕೇಳುವರು. ಅಂಥವರು ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಹೋಗಿ ನೋಡಲಿ. ಕದಂಬರ ಅರಸನಾದ ಕಾಕುಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಸುಮಾರು 1,500 ವರುಷಗಳ ಹಿಂದೆ ಕಲ್ಲಿನ ಕಂಬದ ಮೇಲೆ ಕೆತ್ತಿದ್ದಾರೆ. ಆ ಕೆರೆಗೆ ಮಣ್ಣು ಹೊತ್ತ ಕೂಲಿಗಳ ಹೆಸರು ಕಲ್ಲಿನಲ್ಲಿಲ್ಲ. ಕೆರೆಯನ್ನು ಕಟ್ಟುವವನು ತನ್ನ ದಾಹಕ್ಕೆ ಮಾತ್ರ ಕಟ್ಟುವನೋ? ನಾವು ಹುಟ್ಟುವದಕ್ಕೆ ಮುಂಚೆ ನಮಗೋಸ್ಕರ ಬೆವರು ಸುರಿಸಿದವರುಂಟು. ಹಿಂದಿನವರಿಂದ ತೆಗೆದುಕೊಂಡು ಮುಂದಿನವರಿಗೆ ಕೊಡೆವೆನ್ನುವದು ನ್ಯಾಯವಲ್ಲ. ನಾವು ಭೂಮಿಯ ಧಣಿಗಳಲ್ಲ, ಮನೆವಾರ್ತೆಯವರೇ. ಮನೆವಾರ್ತೆಯವನು ಲೆಕ್ಕ ಒಪ್ಪಿಸಬೇಕು.

ಕಡೆಯ ಆಕ್ಷೇಪಣೆ ಎಲ್ಲಕ್ಕಿಂತ ಬಲವಾದದ್ದು: ನಮ್ಮ ಒಂದು ಹಿಡಿಯಿಂದ ಲೋಕದ ವಾಯು ಸುಧಾರಿಸುವದೋ? ಇಲ್ಲ, ಸುಧಾರಿಸದು. ಆದರೆ ಕೆರೆಯ ಹೂಳು ತೆಗೆಯುವ ದಿವಸದಲ್ಲಿ, ನನ್ನ ಬುಟ್ಟಿ ಚಿಕ್ಕದು, ಎಂದು ಮನೆಯಲ್ಲಿ ಕೂತವನನ್ನು ಊರವರು ಏನನ್ನುವರು? ಅವನ ಬುಟ್ಟಿ ಚಿಕ್ಕದೆಂಬದು ನಿಜ. ಕೆರೆಯು ಅಂಥ ಬುಟ್ಟಿಗಳಿಂದಲೇ ತೋಡಲ್ಪಟ್ಟಿತೆಂಬದೂ ನಿಜ. ಹಿಡಿಹಿಡಿಯಾಗಿ ಆದ ಕೇಡು ಹಿಡಿಹಿಡಿಯಾಗಿಯೇ ತಿದ್ದಲ್ಪಡಬೇಕು; ಎಲ್ಲರ ತಪ್ಪು ಅಂದರೆ ಒಬ್ಬೊಬ್ಬನ ತಪ್ಪೇ.

ಆದಕಾರಣ ಪ್ರಿಯರೇ, ನಿಮ್ಮ ಊರಿನಲ್ಲಿ ಉಳಿದಿರುವ ಕಾನಿನ ಚೂರು ಎಷ್ಟೇ ಚಿಕ್ಕದಾಗಿದ್ದರೂ ಅದರ ಅಂಚನ್ನು ಒತ್ತಬೇಡಿರಿ. ಬೇಸಿಗೆಯಲ್ಲಿ ಅದರ ತರಗಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಿರಿ. ಹಿತ್ತಲಲ್ಲಿಯೂ ಬೇಣದಲ್ಲಿಯೂ ಹಲಸು, ನೇರಳೆ, ಮತ್ತಿ, ಹೊನ್ನೆಗಳನ್ನು ನೆಡಿರಿ. ಕೆರೆಯ ಏರಿ, ತೂಬು, ಕೋಡಿಗಳ ಕೆಲಸಕ್ಕೆ ಕರೆದಾಗ ಮನೆಗೊಬ್ಬರಾದರೂ ಹೋಗಿರಿ. ಊರ ಭೂಮಿಯ ವಿಷಯವಾಗಿ ಗ್ರಾಮಸಭೆ ಕೂಡುವಾಗ ಸುಮ್ಮನಿರದೆ ಕೇಳಬೇಕಾದದ್ದನ್ನು ಕೇಳಿರಿ. ಇದರ ಫಲವನ್ನು ನಾವು ನೋಡಲಾರೆವು. ತಾಳಗುಂದದಲ್ಲಿ ಮಣ್ಣು ಹೊತ್ತವರೂ ನಮ್ಮನ್ನು ನೋಡಲಿಲ್ಲ, ಆದರೂ ಹೊತ್ತರು.