ಸೋಮವಾರ ಹೊರಡುವವರ ಮಾತು

ಚೆಂಬೂರಿನ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಉಡುಪಿ ಕಡೆಯ ಒಂದು ಕ್ರೈಸ್ತ ಕುಟುಂಬವಿದೆ. ಮಾತಿಗೆ ತುಳು, ಪ್ರಾರ್ಥನೆಗೆ ಕನ್ನಡ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಸಭೆಗಳಿಗೆ ಸೇರಿದ ಮನೆತನ ಅವರದು. ತಿಂಗಳಿಗೊಂದು ಆದಿತ್ಯವಾರ ಅವರ ಹಾಲಿನಲ್ಲಿ ಏಳೆಂಟು ಮನೆಯವರು ಸೇರುತ್ತಾರೆ. ಸೋಫಾ ಗೋಡೆಗೆ ತಳ್ಳಿ ಚಾಪೆ ಹಾಸುತ್ತಾರೆ. ವಯಸ್ಸಾದವರಿಗೆ ಕುರ್ಚಿ ನಮ್ಮ ಮನೆಯಿಂದ ಹೋಗುತ್ತದೆ. ಕುರ್ಚಿಯ ಜೊತೆ ಒಮ್ಮೊಮ್ಮೆ ನಾನೂ ಹೋಗಿ ಕೂರುತ್ತೇನೆ. ನಾನು ಅವರ ಮತದವನಲ್ಲ. ಆದರೆ ಈ ಊರಲ್ಲಿ ಒಂದು ಗಂಟೆ ಒಳ್ಳೆಯ ಕನ್ನಡ ಕಿವಿಗೆ ಬೀಳುವಾಗ ಮತ ಯಾರು ನೋಡುತ್ತಾರೆ, ಹೇಳಿ?

ನಾನು ನಿವೃತ್ತನಾದ ಮೇಲಿನ ಒಂದು ಆದಿತ್ಯವಾರ ಊರಿನಿಂದ ಬೋಧಕರೊಬ್ಬರು ಬಂದರು. ಮತ್ಸ್ಯಗಂಧದಲ್ಲಿ ಬೆಳಿಗ್ಗೆ ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿದು, ಸ್ನಾನ ಮುಗಿಸಿ, ಹತ್ತಕ್ಕೆಲ್ಲ ಬೈಬಲ್ ಹಿಡಿದು ನಿಂತರು. ಸೋಮವಾರ ಮಧ್ಯಾಹ್ನ ಅದೇ ಗಾಡಿಗೆ ವಾಪಸು. ಅಂದಿನ ಪ್ರಸಂಗದ ವಿಷಯ, ತಂದೆತಾಯಿಗಳನ್ನು ಸನ್ಮಾನಿಸುವುದು. ಊರಲ್ಲಿ ಬೀಗ ಬಿದ್ದ ಮನೆಗಳು, ಅಂಗಳದ ಹುಲ್ಲು, ಫೋನಿಗೆ ಕಾಯುವ ಮುದುಕರು, ಎಲ್ಲ ಬಂತು. “ದುಡ್ಡು ಕಳಿಸಿದರೆ ಮಕ್ಕಳ ಕರ್ತವ್ಯ ಮುಗಿಯಿತೇ?” ಎಂದು ಕೇಳಿದರು.

ಮನೆಯಾಕೆ ಎದ್ದು ಅಡಿಗೆಮನೆಗೆ ಹೋದರು. ಚಾ ಇಡಲಿಕ್ಕೆ ಅಂತ ಕೆಲವರು ತಿಳಿದಿರಬೇಕು. ನನಗೆ ವಿಷಯ ಗೊತ್ತಿತ್ತು. ಅವರ ತಾಯಿ ಆರು ತಿಂಗಳಿಂದ ಊರ ಕಡೆಯ ವೃದ್ಧಾಶ್ರಮವೊಂದರಲ್ಲಿದ್ದರು. ಇಲ್ಲಿ ಒಂದೂವರೆ ಕೋಣೆ, ಲಿಫ್ಟ್ ಇಲ್ಲದ ಕಟ್ಟಡ, ವಾರಕ್ಕೆ ಮೂರು ದಿನ ಗಂಡನ ಡಯಾಲಿಸಿಸ್. ಅತ್ತು ಅತ್ತು ಮಾಡಿದ ತೀರ್ಮಾನ ಅದು.

ನನಗೆ ಬೋಧಕರ ಮೇಲೆ ಸಿಟ್ಟು ಬಂತು. ಆದರೆ ಆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ನಾನೂ ಅದೇ ಕಸುಬು ಮಾಡಿದವನು. ಬ್ಯಾಂಕಿನ ತನಿಖಾ ವಿಭಾಗದಲ್ಲಿದ್ದಾಗ ಊರೂರಿನ ಶಾಖೆಗಳಿಗೆ ಹೋಗಿ ವರದಿ ಬರೆಯುತ್ತಿದ್ದೆ. ಬಯಲುಸೀಮೆಯ ಒಂದು ಶಾಖೆಯಲ್ಲಿ ಮ್ಯಾನೇಜರರು ಜಾಮೀನುದಾರನ ಸಹಿ ಇಲ್ಲದೆ ಸಣ್ಣ ಸಾಲವೊಂದನ್ನು ಕೊಟ್ಟಿದ್ದರು. ನಿಯಮದ ಪ್ರಕಾರ ತಪ್ಪು. ಬರೆದೆ, ಸಂಜೆಯ ಬಸ್ಸು ಹತ್ತಿದೆ. ಅವರ ಬಡ್ತಿ ನಿಂತಿತು. ಸಾಲ ಪೈಸೆ ಬಿಡದೆ ತೀರಿತೆಂದು ಆಮೇಲೆ ತಿಳಿಯಿತು. ನನ್ನ ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ‘ಯಾಕೆ ಕೊಟ್ಟಿರಿ?’ ಎಂಬ ಒಂದು ಪ್ರಶ್ನೆಯನ್ನು ಮಾತ್ರ ನಾನು ಕೇಳಿರಲಿಲ್ಲ.

ಹಾಗಾದರೆ ಬಂದುಹೋಗುವವನು ಬಾಯಿ ಮುಚ್ಚಿಕೊಂಡಿರಬೇಕೆ? ಅದೂ ಸರಿಯಲ್ಲ. ಒಳಗಿನವರ ಕಣ್ಣಿಗೆ ರೂಢಿಯಾದದ್ದು ಹೊರಗಿನವನಿಗೆ ಕಾಣುತ್ತದೆ. ತನಿಖೆ ಅಂತ ಇರುವುದೇ ಅದಕ್ಕೆ. ಸಂನ್ಯಾಸಿಗಳು ಚಾತುರ್ಮಾಸ್ಯ ಬಿಟ್ಟರೆ ಒಂದೇ ಕಡೆ ನಿಲ್ಲಬಾರದೆಂಬ ನಿಯಮ ನಮ್ಮಲ್ಲೂ ಇದೆ. ಮೊದಲ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದೆನ್ನುವ ‘ದಿದಖೆ’ ಎಂಬ ಪುಟ್ಟ ಗ್ರೀಕ್ ಪುಸ್ತಕ ಕ್ರೈಸ್ತರಲ್ಲಿದೆ. ಸಂಚಾರಿ ಬೋಧಕ ಒಂದು ದಿನ, ಬೇಕಾದರೆ ಎರಡು ದಿನ ಉಳಿಯಬಹುದು. ಮೂರನೇ ದಿನವೂ ಉಳಿದರೆ, ದುಡ್ಡು ಕೇಳಿದರೆ, ಅವನು ಸುಳ್ಳು ಪ್ರವಾದಿ ಎಂದು ಅದರ ಲೆಕ್ಕ. ಅತಿಥಿ ಹೆಚ್ಚು ದಿನ ಉಳಿದುಬಿಟ್ಟಾನು ಎಂಬ ಭಯ ಅವರದು. ಬೇಗ ಹೊರಟುಬಿಡುವವನಿಗೆ ಅದರಲ್ಲಿ ನಿಯಮವಿಲ್ಲ.

ಬೈಬಲಿನಲ್ಲೇ ಬೇರೊಂದು ಚಿತ್ರವೂ ಇದೆ. ಪೌಲನು ಕೊರಿಂಥಕ್ಕೆ ಹೋದಾಗ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಉಳಿದ. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದಾಗ ಅಲ್ಲಿಗೆ ಬಂದು ಸೇರಿದವರು ಅವರು. ಮುಂದೆ ಅವರು ನೆಲೆಸಿದ ಕಡೆ ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು. ಮನೆಸಭೆ ಎಂಬುದು ಅಂದಿನಿಂದಲೂ ಊರು ಬಿಟ್ಟವರ ಆಸರೆ, ನೋಡಿ. ಪೌಲ ಅವರ ಜೊತೆ ಕೂತು ಡೇರೆ ಹೊಲಿಯುವ ಕೆಲಸ ಮಾಡಿದ. ಆ ಪಟ್ಟಣದಲ್ಲಿ ಅವನಿದ್ದದ್ದು ಒಂದೂವರೆ ವರ್ಷ. ಸೂಜಿ ಹಿಡಿದ ಕೈಯವನ ಮಾತಿಗೆ ತೂಕ ಬರದೆ ಇದ್ದೀತೆ?

ಎಲ್ಲರಿಗೂ ಒಂದೂವರೆ ವರ್ಷ ಎಲ್ಲಿಂದ ಬರಬೇಕು? ಅದಕ್ಕೆ ಉತ್ತರ ನನಗೆ ಅದೇ ದಿನ ಊಟದ ಮೇಲೆ ಸಿಕ್ಕಿತು. ಯಾರೋ ವಿಷಯವನ್ನು ಬೋಧಕರ ಕಿವಿಗೆ ಹಾಕಿದ್ದರು. ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತಟ್ಟೆ ಇಡಲು ಹೋದ ನನಗೂ ಮಾತು ಕೇಳಿಸಿತು.

“ಅಮ್ಮಾ, ನಾನು ತಿಳಿಯದೆ ಮಾತಾಡಿದೆ.”

“ನೀವು ಹೇಳಿದ್ದು ಸುಳ್ಳಲ್ಲವಲ್ಲ, ಪಾಸ್ಟರೇ.”

“ಸುಳ್ಳಲ್ಲ. ಆದರೆ ಹೇಳಿ ಹೋಗುವುದು ಸುಲಭ. ಆ ಆಶ್ರಮದ ವಿಳಾಸ ಬರೆದುಕೊಡಿ.”

ಮುಂದಿನ ಆದಿತ್ಯವಾರ ಸಂಜೆ ಆಶ್ರಮದಿಂದಲೇ ಅವರ ಫೋನು ಬಂತು. ಫೋನನ್ನು ತಾಯಿಯ ಕೈಗೆ ಕೊಟ್ಟರಂತೆ. ಆಮೇಲೆ ತಿಂಗಳಿಗೊಮ್ಮೆ ಹೋಗಿ ಬರುವುದನ್ನು ಅವರು ತಪ್ಪಿಸಲಿಲ್ಲ. ತಮ್ಮ ಪ್ರಸಂಗವನ್ನು ಹಿಂತೆಗೆದುಕೊಳ್ಳಲಿಲ್ಲ. ಅದರ ಭಾರದಲ್ಲಿ ಒಂದು ಪಾಲು ತಾವೂ ಹೊತ್ತರು. ಖಾತೆಯಲ್ಲಿ ಹಣವಿಟ್ಟು ಚೆಕ್ ಬರೆಯುವುದು ಅಂದರೆ ಇದೇ.

ಊರಲ್ಲಿ ಕೂತು ಓದುತ್ತಿರುವ ನಿಮಗೂ ಒಂದು ಮಾತು ಒಪ್ಪಿಸಬೇಕು. ಪ್ರತಿ ಮೇ ತಿಂಗಳಲ್ಲಿ ಮುಂಬಯಿಯಿಂದ ಹತ್ತು ದಿನಕ್ಕೆ ಬಂದಿಳಿಯುವ ನಾವೂ ಒಂದು ತರಹದ ಬೋಧಕರೇ. ತೋಟ ಹೀಗೇಕೆ, ಅಮ್ಮನಿಗೆ ಬೇರೆ ಡಾಕ್ಟರನ್ನು ಯಾಕೆ ತೋರಿಸಲಿಲ್ಲ ಎಂದು, ವರ್ಷವಿಡೀ ಅಮ್ಮನ ಜೊತೆಗಿರುವ ತಮ್ಮನಿಗೆ ಉಪದೇಶ ಮಾಡಿ ಗಾಡಿ ಹತ್ತುತ್ತೇವೆ. ಕಳೆದ ಸಲ ಹೋದಾಗ ನಾನು ಉಪದೇಶ ಮಾಡಲಿಲ್ಲ. ತಮ್ಮನನ್ನೂ ಅವನ ಹೆಂಡತಿಯನ್ನೂ ನಾಲ್ಕು ದಿನ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಕಳಿಸಿ ಅಮ್ಮನ ಜೊತೆ ನಾನೊಬ್ಬನೇ ಇದ್ದೆ. ರಾತ್ರಿ ಅವಳು ಎಷ್ಟು ಸಲ ಏಳುತ್ತಾಳೆಂದು ಆಗ ಗೊತ್ತಾಯಿತು. ಡಾಕ್ಟರ ವಿಷಯ ಎತ್ತಲು ಮತ್ತೆ ಬಾಯಿ ಬರಲಿಲ್ಲ.